ಸಂಗಾತಿ ಯಾರು ಎಂಬುದರಿಂದ ನನ್ನ ಒಲವು ತೀರ್ಮಾನವಾಗುವುದಿಲ್ಲ: ಬೈಸೆಕ್ಷುವಲ್ ಆಗಿ ಬದುಕುವ ಬಗ್ಗೆ ಚರ್ಚೆ

ತುಂಗಭದ್ರೆ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಾನು ಮಧ್ಯ ಕರ್ನಾಟಕದ ಒಂದು ಊರಿನಲ್ಲಿ ಬ್ಯಾಂಕ್ ಉದ್ಯೋಗಿ, ವಿವಾಹಿತೆ, ಒಬ್ಬ ಮಗಳ ತಾಯಿ, ಮತ್ತು ಬೈಸೆಕ್ಷುವಲ್ (ದ್ವಿಲೈಂಗಿಕ), ಅಂದರೆ ಗಂಡಸರ ಮೇಲೂ ಹೆಂಗಸರ ಮೇಲೂ ಒಲವು ಮೂಡುವವಳು. ಮೊದಲ ಮೂರನ್ನು ಹೇಳಿದಾಗ ಯಾರೂ ಸಾಕ್ಷ್ಯ ಕೇಳುವುದಿಲ್ಲ. ನಾಲ್ಕನೆಯದನ್ನು ಹೇಳಿದ ಕೂಡಲೇ ಆ ಮೂರನ್ನೇ ನನ್ನ ವಿರುದ್ಧ ಸಾಕ್ಷ್ಯವಾಗಿ ಮುಂದಿಡುತ್ತಾರೆ.

ಈ ವರ್ಷ ಪಂಚಮಿಗೆ ತವರಿಗೆ ಹೋಗಿದ್ದೆ. ದೊಡ್ಡಮ್ಮನ ಮಗಳು, ನನಗೆ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು, ಶೇಂಗಾ ಉಂಡೆ ಕಟ್ಟಲು ಜೊತೆಗೆ ಕುಳಿತಿದ್ದಳು. ಬೆಲ್ಲದ ಪಾಕ ಆರುವ ಮೊದಲೇ ಉಂಡೆ ಕಟ್ಟಬೇಕಾದ್ದರಿಂದ ಇಬ್ಬರ ಕೈಯೂ ಬಿಡುವಿಲ್ಲದೆ ಓಡುತ್ತಿತ್ತು. ಮುಖ ನೋಡದೆ ಮಾತಾಡಲು ಅದೇ ಅನುಕೂಲವಾಯಿತು. ಕಾಲೇಜಿನ ದಿನಗಳಲ್ಲಿ ನಾನು ಒಬ್ಬ ಗೆಳತಿಯನ್ನು ಪ್ರೀತಿಸಿದ್ದೆನೆಂದೂ, ಅದು ಬರಿಯ ಸ್ನೇಹವಾಗಿರಲಿಲ್ಲವೆಂದೂ, ಇದನ್ನು ಮದುವೆಗೆ ಮೊದಲೇ ನನ್ನ ಗಂಡನಿಗೆ ತಿಳಿಸಿದ್ದೆನೆಂದೂ ಹೇಳಿದೆ. ಅಕ್ಕ ಬೈಯಲಿಲ್ಲ. "ಆಗಿದ್ದು ಆಗಿಹೋಯಿತು, ವಯಸ್ಸಿನ ಹುಚ್ಚು. ಈಗ ಮದುವೆಯಾಗಿ ಸರಿಹೋಗಿದೆಯಲ್ಲ, ಮತ್ತೆ ಆ ಹೆಸರು ಯಾಕೆ ಇಟ್ಟುಕೊಳ್ಳುತ್ತೀಯ?" ಎಂದಳು.

ನನ್ನನ್ನು ಕಾಡುತ್ತಿರುವುದು "ಸರಿಹೋಗಿದೆ" ಎಂಬ ಆ ಒಂದು ಮಾತು. ನಾನು ನನ್ನ ಗಂಡನನ್ನು ಪ್ರೀತಿಸಿ ಮದುವೆಯಾದೆ. ಅದು ಯಾವ ಕಾಯಿಲೆಗೂ ಮದ್ದಾಗಿರಲಿಲ್ಲ. ಮದುವೆಯೇ ಆಗದ ಗಂಡಸನ್ನು ನೋಡಿ, ಹೆಂಡತಿ ಇಲ್ಲದ ಕಾರಣ ಅವನಿಗೆ ಹೆಣ್ಣಿನ ಮೇಲೆ ಒಲವೇ ಇಲ್ಲ ಎಂದು ಯಾರೂ ತೀರ್ಮಾನಿಸುವುದಿಲ್ಲ. ಗಂಡ ತೀರಿಕೊಂಡ ಹೆಂಗಸಿನ ಒಲವಿನ ಸ್ವಭಾವ ಅವನ ಜೊತೆಗೇ ಹೋಯಿತು ಎಂದೂ ಯಾರೂ ಹೇಳುವುದಿಲ್ಲ. ಬೈಸೆಕ್ಷುವಲ್ ಆದವರ ವಿಷಯದಲ್ಲಿ ಮಾತ್ರ ಇವತ್ತು ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿ ನಮ್ಮ ಇಡೀ ಬದುಕಿಗೆ ಬೇರೆಯವರು ಹೆಸರಿಡುತ್ತಾರೆ. ಗಂಡನಿದ್ದರೆ "ಮಾಮೂಲಿ", ಗೆಳತಿಯಿದ್ದರೆ "ಲೆಸ್ಬಿಯನ್". ನಾವು ನಾವಾಗಿ ಇರುವುದಕ್ಕೆ ಜಾಗವೇ ಉಳಿಯುವುದಿಲ್ಲ.

ಅಮೆರಿಕದ ಹೋರಾಟಗಾರ್ತಿ ರಾಬಿನ್ ಓಕ್ಸ್ ಅವರು ದ್ವಿಲೈಂಗಿಕತೆಗೆ ಕೊಟ್ಟಿರುವ ವಿವರಣೆ ನನಗೆ ಆಸರೆಯಾಗಿದೆ. ಒಂದಕ್ಕಿಂತ ಹೆಚ್ಚು ಲಿಂಗದವರ ಕಡೆಗೆ ಒಲವು ಮೂಡುವುದು ಸಾಧ್ಯ. ಆ ಒಲವು ಏಕಕಾಲಕ್ಕೆ ಇರಬೇಕಿಲ್ಲ, ಒಂದೇ ಬಗೆಯದಾಗಿರಬೇಕಿಲ್ಲ, ಒಂದೇ ಅಳತೆಯದೂ ಆಗಿರಬೇಕಿಲ್ಲ ಎಂಬುದು ಅದರ ಸಾರ. ನನ್ನ ಬದುಕಿನಲ್ಲಿ ಪ್ರೀತಿಸಿದ ಗಂಡಸರು ಹೆಚ್ಚು, ಹೆಂಗಸರು ಕಡಿಮೆ. ಲೆಕ್ಕ ಸರಿಸಮವಾಗಿಲ್ಲ ಎಂದು ನಾನು ಸುಳ್ಳಾಗುವುದಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ನಿಮ್ಮ ಮನೆಗಳಲ್ಲಿ, ಗೆಳೆಯರಲ್ಲಿ ಇಂಥ ಮಾತು ಬಂದಾಗ ನೀವು ಹೇಗೆ ಉತ್ತರಿಸುತ್ತೀರಿ? ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಕರಾವಳಿಗ:

ನಿಮ್ಮ ಬರಹವನ್ನು ಓದಿ, ನನ್ನದೇ ಕಥೆಯನ್ನು ಎದುರು ದಿಕ್ಕಿನಿಂದ ಯಾರೋ ಬರೆದಂತೆ ಅನಿಸಿತು. ನಾನು ಬೆಂಗಳೂರಿನಲ್ಲಿ ಒಬ್ಬ ಗಂಡಸಿನೊಂದಿಗೆ ಸಂಸಾರ ಮಾಡುತ್ತಿದ್ದೇನೆ. ಹಾಗಾಗಿ ನನ್ನನ್ನು ಎಲ್ಲರೂ ಗೇ ಎಂದೇ ಪರಿಚಯಿಸುತ್ತಾರೆ. ಅಲ್ಲ, ನಾನು ಬೈ ಎಂದರೆ, ಗೇ ಎಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ಅರ್ಧ ದಾರಿಯಲ್ಲಿ ನಿಂತವನು ಎಂದು ತಿಳಿಯುತ್ತಾರೆ.

ಮನೆಯವರ ಮಾತಿಗಿಂತ ಸ್ವಂತ ಬಳಗದ ಮಾತು ಹೆಚ್ಚು ನೋಯಿಸುತ್ತದೆ. ಸಂಗಾತಿಯ ಪರಿಚಯವಾಗುವ ಮೊದಲು, ನಮ್ಮಂಥವರೇ ಸೇರುವ ಒಂದು ಕೂಟದಲ್ಲಿ ನನ್ನ ಎದುರಿಗೇ ಒಬ್ಬರು, "ಬೈ ಹುಡುಗರನ್ನು ನಂಬಬೇಡಿ, ಕೊನೆಗೆ ಅಮ್ಮ ತೋರಿಸಿದ ಹುಡುಗಿಗೆ ತಾಳಿ ಕಟ್ಟುತ್ತಾರೆ" ಎಂದು ಹೇಳಿದ್ದರು. ಅವರ ಭಯಕ್ಕೆ ಕಾರಣವಿದೆ ಎಂಬುದು ನನಗೆ ಗೊತ್ತು. ನಮ್ಮ ನಾಡಿನಲ್ಲಿ ಮದುವೆಯ ಒತ್ತಾಯಕ್ಕೆ ಮಣಿದು ಪ್ರೀತಿಸಿದವರನ್ನು ಬಿಟ್ಟುಹೋದವರು ಬೇಕಾದಷ್ಟಿದ್ದಾರೆ. ಆದರೆ ಹಾಗೆ ಮಣಿದವರಲ್ಲಿ ಗೇ ಗಂಡಸರೂ ಇದ್ದಾರಲ್ಲ. ಒತ್ತಾಯದ ಪಾಪವನ್ನು ಒಲವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮನೆಯಲ್ಲಿ "ಹುಡುಗಿಯರೂ ಇಷ್ಟವಾಗುತ್ತಾರಲ್ಲ, ಹಾಗಾದರೆ ಹುಡುಗಿಯನ್ನೇ ನೋಡೋಣ" ಎನ್ನುತ್ತಾರೆ, ಹೊರಗೆ "ಎರಡು ದೋಣಿಯಲ್ಲಿ ಕಾಲಿಟ್ಟವನು" ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ.

ಗಂಡಸರ ವಿಷಯದಲ್ಲಿ ಈ ಅಪನಂಬಿಕೆಗೆ ಕೆಲಕಾಲ ವಿಜ್ಞಾನದ ಮುದ್ರೆಯೂ ಬಿದ್ದಿತ್ತು. 2005ರಲ್ಲಿ ಅಮೆರಿಕದ ಸಂಶೋಧಕರ ಒಂದು ತಂಡ, ಬೈಸೆಕ್ಷುವಲ್ ಎಂದು ಹೇಳಿಕೊಳ್ಳುವ ಗಂಡಸರ ದೇಹದ ಪ್ರತಿಕ್ರಿಯೆಗಳನ್ನು ಪ್ರಯೋಗಾಲಯದಲ್ಲಿ ಅಳೆದು, ಅವರಲ್ಲಿ ಹೆಚ್ಚಿನವರ ಉದ್ರೇಕ ಒಂದೇ ಲಿಂಗದ ಕಡೆಗೆ ವಾಲಿದೆ ಎಂದು ಪ್ರಕಟಿಸಿತು. ನ್ಯೂಯಾರ್ಕ್‌ನ ಪ್ರಮುಖ ಪತ್ರಿಕೆಯೊಂದು, ಇಂಥವರು ಗೇ ಅಥವಾ ಸ್ಟ್ರೇಟ್ (ಎದುರು ಲಿಂಗದವರಿಗಷ್ಟೇ ಒಲಿಯುವವರು) ಇರಬೇಕು, ಇಲ್ಲವೇ ಸುಳ್ಳು ಹೇಳುತ್ತಿರಬೇಕು ಎಂಬ ಧಾಟಿಯ ತಲೆಬರಹ ಕೊಟ್ಟಿತು. ಮುಂದೆ 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ಹಲವು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಲೇಖನವೊಂದು ಪ್ರಕಟವಾಗಿ, ಗಂಡಸರಲ್ಲಿ ದ್ವಿಲೈಂಗಿಕ ಒಲವು ಇರುವುದಕ್ಕೆ ದೃಢವಾದ ಆಧಾರವಿದೆ ಎಂದು ಹೇಳಿತು. 2005ರ ಅಧ್ಯಯನವನ್ನು ಬರೆದ ಮೈಕಲ್ ಬೇಲಿ ಮತ್ತು ಗೆರುಲ್ಫ್ ರೀಗರ್ ಈ ಲೇಖನದ ಲೇಖಕರಲ್ಲೂ ಇದ್ದಾರೆ. ಮೊದಲ ಸುದ್ದಿ ಊರೆಲ್ಲ ಹಬ್ಬಿತು. ಎರಡನೆಯದನ್ನು ನನ್ನ ಪರಿಚಯದವರಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ. ನನ್ನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ನನಗೆ ಯಂತ್ರದ ಅನುಮತಿ ಬೇಕಿರಲಿಲ್ಲ, ಆದರೂ ಆ ಲೇಖನ ಬಂದದ್ದು ಒಳ್ಳೆಯದಾಯಿತು.

ಬಳಗದವರಿಗೆ ನಾನು ನೆನಪಿಸುವ ಇನ್ನೊಂದು ಸಂಗತಿಯಿದೆ. ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಎಂಬ ಗೇ ಬಾರ್ ಮೇಲಿನ ಪೊಲೀಸ್ ದಾಳಿಯ ವಿರುದ್ಧ 1969ರಲ್ಲಿ ನಡೆದ ಪ್ರತಿಭಟನೆಗೆ ವರ್ಷ ತುಂಬಿದಾಗ, 1970ರಲ್ಲಿ ಅದೇ ನಗರದಲ್ಲಿ ನಡೆದ ಮೊದಲ ಪ್ರೈಡ್ (ಹೆಮ್ಮೆಯ) ಮೆರವಣಿಗೆಯನ್ನು ಸಂಘಟಿಸಿದವರಲ್ಲಿ ಬ್ರೆಂಡಾ ಹೋವರ್ಡ್ ಮುಖ್ಯರು, ಮತ್ತು ಆಕೆ ಬೈಸೆಕ್ಷುವಲ್ ಎಂದು ಬಹಿರಂಗವಾಗಿ ಹೇಳಿಕೊಂಡವರು. 2008ರಿಂದ ನಮ್ಮ ಬೆಂಗಳೂರಿನಲ್ಲಿ ನಡೆಯುತ್ತಿರುವ ನಮ್ಮ ಪ್ರೈಡ್ ಮೆರವಣಿಗೆಯೂ ಅದೇ ಪರಂಪರೆಗೆ ಸೇರಿದ್ದು. ಆ ಮನೆಗೆ ನಾವು ನೆಂಟರಾಗಿ ಬಂದವರಲ್ಲ. ಅಡಿಪಾಯ ಹಾಕಿದವರಲ್ಲಿ ನಮ್ಮವರೂ ಇದ್ದರು.

ಹಾಸನದ ತಾಯಿ:

ನಾನು ಈ ವಿಷಯಕ್ಕೆ ಹೊಸಬಳು. ತಪ್ಪು ಪದ ಬಳಸಿದರೆ ದಯವಿಟ್ಟು ತಿದ್ದಿ. ನನ್ನ ಮಗ ಎಂಜಿನಿಯರ್, ಹೊರ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಯುಗಾದಿಗೆ ಬಂದಾಗ, ತನಗೆ ಹುಡುಗಿಯರ ಮೇಲೂ ಹುಡುಗರ ಮೇಲೂ ಪ್ರೀತಿ ಹುಟ್ಟುತ್ತದೆ ಎಂದು ನನ್ನೊಬ್ಬಳಿಗೇ ಹೇಳಿದ. ಅವನ ತಂದೆಗೆ ಇನ್ನೂ ತಿಳಿದಿಲ್ಲ. ನಾನು ಅತ್ತುಬಿಟ್ಟೆ, ಆದರೆ ಅವನನ್ನು ದೂರ ಮಾಡಲಿಲ್ಲ.

ನನ್ನ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಮುಚ್ಚಿಡದೆ ಕೇಳುತ್ತೇನೆ. ಬರೀ ಹುಡುಗರೇ ಇಷ್ಟವೆನ್ನುವ ಮಗನಾಗಿದ್ದರೆ ಬೇರೆ ದಾರಿಯಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಇವನಿಗೆ ಎರಡು ದಾರಿಯೂ ತೆರೆದಿರುವಾಗ, ಕಷ್ಟವಿಲ್ಲದ ದಾರಿಯನ್ನೇ ಹಿಡಿ ಎಂದು ತಾಯಿ ಹೇಳುವುದರಲ್ಲಿ ತಪ್ಪೇನಿದೆ? ಅವನು ನೋಯಬಾರದು ಎಂಬುದಷ್ಟೇ ನನ್ನ ಆಸೆ.

ತುಂಗಭದ್ರೆ:

ಅಮ್ಮ, ನಿಮ್ಮ ಪ್ರಶ್ನೆಯಲ್ಲಿ ತಪ್ಪಿಲ್ಲ. ನಿಮ್ಮ ಮಗ ಮೊದಲು ನಿಮ್ಮ ಬಳಿಯೇ ಬಂದು ಹೇಳಿದ್ದಾರೆ ಎಂದರೆ, ಬೆಳೆಸುವಾಗ ನೀವು ಎಷ್ಟು ಧೈರ್ಯ ಕೊಟ್ಟಿದ್ದೀರಿ ಎಂಬುದು ಗೊತ್ತಾಗುತ್ತದೆ.

ಎರಡು ದಾರಿ ತೆರೆದಿವೆ ಎಂದಿರಿ. ದಾರಿಯನ್ನು ಆರಿಸಿಕೊಂಡು ಆಮೇಲೆ ಪ್ರೀತಿ ಹುಟ್ಟುವುದಿಲ್ಲ, ಅಮ್ಮ. ಮೊದಲು ಒಬ್ಬ ವ್ಯಕ್ತಿ ಬದುಕಿಗೆ ಬರುತ್ತಾರೆ. ನನ್ನ ಬದುಕಿಗೆ ನನ್ನ ಗಂಡ ಬಂದರು. ಅವರ ಬದಲು ಆ ಗೆಳತಿಯೇ ಉಳಿದಿದ್ದರೆ, "ಗಂಡಸರೂ ಇಷ್ಟವಾಗುತ್ತಾರಲ್ಲ" ಎಂಬ ಕಾರಣಕ್ಕೆ ಅವಳನ್ನು ಬಿಟ್ಟುಬರಲು ನನ್ನಿಂದ ಆಗುತ್ತಿರಲಿಲ್ಲ. ಇಷ್ಟವಾಗಬಲ್ಲವರು ಲೋಕದಲ್ಲಿ ಇನ್ನೂ ಇದ್ದಾರೆ ಎಂದು, ಇಷ್ಟವಾಗಿರುವವರನ್ನು ಬಿಡು ಎಂದು ಬೇರೆ ಯಾವ ಮಕ್ಕಳಿಗೂ ನಾವು ಹೇಳುವುದಿಲ್ಲವಲ್ಲ. ನಿಮ್ಮ ಮಗ ನಾಳೆ ಹುಡುಗಿಯನ್ನೇ ಪ್ರೀತಿಸಬಹುದು. ಆಗಲೂ ಅದು ನಿಮ್ಮ ಗೆಲುವಲ್ಲ; ಹುಡುಗನನ್ನು ಪ್ರೀತಿಸಿದರೆ ಅದು ಸೋಲೂ ಅಲ್ಲ.

ಕಷ್ಟದ ಮಾತಿಗೆ ಬಂದರೆ, ಅದು ಹುಡುಗನನ್ನು ಪ್ರೀತಿಸುವುದರಲ್ಲಿಲ್ಲ, ಸುತ್ತಲಿನವರ ನಡವಳಿಕೆಯಲ್ಲಿದೆ, ಕಾನೂನಿನಲ್ಲಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಒಮ್ಮತದ ತೀರ್ಪು ನೀಡಿ, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಹಿಡಿತದಿಂದ ಬಿಡಿಸಿತು. ಅಲ್ಲಿಯವರೆಗೆ ನನ್ನಂಥವಳ ಒಂದು ಪ್ರೀತಿ ಅಪರಾಧವಾಗಿತ್ತು, ಇನ್ನೊಂದು ಪ್ರೀತಿಗೆ ಲಗ್ನಪತ್ರಿಕೆ ಅಚ್ಚಾಗುತ್ತಿತ್ತು. ಎರಡರಲ್ಲೂ ಇದ್ದವಳು ನಾನೇ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಸಿಗಲಿಲ್ಲ, ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ತಿರಸ್ಕೃತವಾದವು. ಆದ್ದರಿಂದ ನನಗೂ ಕರಾವಳಿಗ ಅವರಿಗೂ ಒಲವು ಒಂದೇ ಬಗೆಯದಾದರೂ, ನನ್ನ ಬಳಿ ವಿವಾಹ ನೋಂದಣಿ ಪತ್ರವಿದೆ, ಅವರ ಬಳಿ ಇಲ್ಲ. ನನಗಿರುವ ಈ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಅನುಕೂಲಕ್ಕೆ ಬೆಲೆಯಾಗಿ ನಾನು ಯಾರೆಂಬುದನ್ನು ನುಂಗಿಕೊಂಡಿರಬೇಕು ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಆಪ್ತಸಲಹೆಗಾರ್ತಿ:

ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವಳಾಗಿ ಕೆಲವು ಮಾತು ಸೇರಿಸುತ್ತೇನೆ. "ವಯಸ್ಸಿನ ಹುಚ್ಚು" ಎಂಬ ಮಾತನ್ನು ನನ್ನ ಬಳಿ ಬರುವವರು ಮತ್ತೆ ಮತ್ತೆ ಕೇಳಿರುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಸಾ ಡೈಮಂಡ್ 79 ಹೆಣ್ಣುಮಕ್ಕಳನ್ನು ಹತ್ತು ವರ್ಷಗಳ ಕಾಲ ಸಂದರ್ಶಿಸುತ್ತಾ ಬಂದು, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ದ್ವಿಲೈಂಗಿಕತೆ ಎಂಬುದು ಲೆಸ್ಬಿಯನ್ ಅಥವಾ ಸ್ಟ್ರೇಟ್ ಎಂಬ ಮುಂದಿನ ನಿಲ್ದಾಣಕ್ಕೆ ಹೋಗುವ ನಡುವಿನ ಹಂತ ಎಂಬ ನಂಬಿಕೆಗೆ ಅವರ ಅಧ್ಯಯನದಲ್ಲಿ ಬೆಂಬಲ ಸಿಗಲಿಲ್ಲ. ಒಲವಿನ ಪ್ರಮಾಣ ಕಾಲಕಾಲಕ್ಕೆ ಹೆಚ್ಚುಕಡಿಮೆ ಆಗುತ್ತದೆ, ಕೆಲವರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಬದಲಿಸುತ್ತಾರೆ. ಆದರೂ ಇಬ್ಬರ ಕಡೆಗೂ ಒಲಿಯುವ ಗುಣ ಸ್ಥಿರವಾಗಿ ಉಳಿಯುವುದನ್ನು ಅವರು ಕಂಡರು.

ಪೂರ್ವಗ್ರಹಗಳು ಬರಿಯ ಮಾತಾಗಿ ಉಳಿಯುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2010ರ ಸಮೀಕ್ಷೆಯಲ್ಲಿ, ಸಂಗಾತಿಯಿಂದ ಅತ್ಯಾಚಾರ, ಹಲ್ಲೆ ಅಥವಾ ಹಿಂಬಾಲಿಸಿ ಕಾಡುವಿಕೆಗೆ ಜೀವನದಲ್ಲಿ ಒಮ್ಮೆಯಾದರೂ ಒಳಗಾದ ಮಹಿಳೆಯರ ಪ್ರಮಾಣ ಬೈಸೆಕ್ಷುವಲ್ ಮಹಿಳೆಯರಲ್ಲಿ ಶೇ 61, ಲೆಸ್ಬಿಯನ್ ಮಹಿಳೆಯರಲ್ಲಿ ಶೇ 44, ಸ್ಟ್ರೇಟ್ ಮಹಿಳೆಯರಲ್ಲಿ ಶೇ 35 ಇತ್ತು. ಇದು ಬೇರೆ ದೇಶದ ಅಂಕಿ. ನಮ್ಮಲ್ಲಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದರೆ "ಇವಳು ಯಾರ ಜೊತೆಗಾದರೂ ಹೋಗುವವಳು" ಎಂಬ ಅನುಮಾನ ಮನೆಯೊಳಗೆ ಹೊಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಕೆಲಸದಲ್ಲಿ ನೋಡುತ್ತಲೇ ಇರುತ್ತೇನೆ: ಫೋನ್ ತಪಾಸಣೆ, ಗೆಳತಿಯರ ಮನೆಗೆ ಹೋಗಲು ನಿಷೇಧ, ಕೊನೆಗೆ ಕೈ ಎತ್ತುವುದು. ಸ್ಟ್ರೇಟ್ ಹೆಂಡತಿಯ ಮೇಲೆ ಸಂಶಯಪಡುವ ಗಂಡ ಅರ್ಧ ಲೋಕವನ್ನು ಅನುಮಾನಿಸುತ್ತಾನೆ. ಹೆಂಡತಿ ಬೈಸೆಕ್ಷುವಲ್ ಆಗಿದ್ದರೆ ಅವಳ ಬಾಲ್ಯದ ಗೆಳತಿಯೂ ಆ ಅನುಮಾನದಿಂದ ತಪ್ಪಿಸಿಕೊಳ್ಳುವುದಿಲ್ಲ.

ಹಾಸನದ ಅಮ್ಮನವರೇ, ಯಾರಾದರೂ "ಸರಿಪಡಿಸುತ್ತೇವೆ" ಎಂದು ಮುಂದೆ ಬಂದರೆ ಮಗನನ್ನು ಅವರ ಕೈಗೆ ಒಪ್ಪಿಸಬೇಡಿ. ಒಲವನ್ನು ಬದಲಿಸುವ ಚಿಕಿತ್ಸೆಯನ್ನು ನಿಷೇಧಿಸುವಂತೆ ಮದ್ರಾಸ್ ಹೈಕೋರ್ಟ್ 2021ರಲ್ಲಿ ನಿರ್ದೇಶಿಸಿದೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆ ನೀಡುವುದನ್ನು ವೃತ್ತಿ ದುರ್ನಡತೆ ಎಂದು ಪರಿಗಣಿಸಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಲೈಂಗಿಕ ಒಲವಿನ ಆಧಾರದಲ್ಲಿ ಭೇದ ಮಾಡದೆ ಚಿಕಿತ್ಸೆ ಪಡೆಯುವ ಹಕ್ಕನ್ನು ಕೊಟ್ಟಿದೆ. ನಿಮಗೇ ಮನಸ್ಸು ಭಾರವೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲಿಯೇ ಮಾತನಾಡಬಹುದು. ಅತ್ತಿದ್ದೇನೆ ಎಂದಿರಿ, ತಾಯಂದಿರಿಗೂ ಮಾತಾಡಲು ಯಾರಾದರೂ ಬೇಕು.

ಹೊಸ ಸದಸ್ಯೆ:

ನನ್ನ ನಿಶ್ಚಿತಾರ್ಥವಾಗಿದೆ. ಹುಡುಗ ತಾನು ಬೈಸೆಕ್ಷುವಲ್ ಎಂದು ನನಗೆ ಹೇಳಿದ್ದಾರೆ, ಹೇಳಿದ್ದಕ್ಕೆ ಗೌರವವಿದೆ. ಆದರೂ ರಾತ್ರಿ ಮಲಗಿದಾಗ ಒಂದೇ ಯೋಚನೆ: ನಾನೊಬ್ಬಳೇ ಅವರಿಗೆ ಸಾಕಾಗುತ್ತೇನೆಯೇ? ನಾನು ಕೊಡಲಾಗದ್ದೊಂದು ಅವರಿಗೆ ಯಾವತ್ತೂ ಬೇಕಾಗಿಯೇ ಇರುತ್ತದೆಯೇ? ಗೆಳತಿಯೊಬ್ಬಳು ಎಚ್‌ಐವಿ ಪರೀಕ್ಷೆ ಮಾಡಿಸು ಎಂದೂ ಹೆದರಿಸಿದ್ದಾಳೆ.

ತುಂಗಭದ್ರೆ:

ಇದೇ ಪ್ರಶ್ನೆಯನ್ನು ನನ್ನ ಗಂಡನ ಮುಂದಿಟ್ಟು, ನಿಮ್ಮ ಉತ್ತರವನ್ನು ಬರೆಯಲೇ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: "ಮದುವೆಯಾಗುವ ಮುಂಚೆ ನನಗೂ ಈ ಯೋಚನೆ ಬಂದಿತ್ತು. ಆಮೇಲೆ, ನನಗೆ ಇಷ್ಟವಾಗಬಹುದಾದ ಹೆಂಗಸರು ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೆ ಎಂದು ಯೋಚಿಸಿದೆ. ನಾನು ಮಾತು ಕೊಟ್ಟು ಉಳಿಸಿಕೊಳ್ಳಬಲ್ಲೆ ಎಂದರೆ ಅವಳೂ ಉಳಿಸಿಕೊಳ್ಳಬಲ್ಲಳು."

ಇದಕ್ಕೆ ನಾನು ಸೇರಿಸುವುದು ಸ್ವಲ್ಪ. ನಿಷ್ಠೆ ಕೊಟ್ಟ ಮಾತಿಗೆ ಸಂಬಂಧಿಸಿದ್ದು. ಯಾರ ಯಾರ ಮೇಲೆ ಒಲವು ಮೂಡಬಲ್ಲದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೈಸೆಕ್ಷುವಲ್ ಆದವರು ಗಂಡಿನಿಂದ ಅರ್ಧ, ಹೆಣ್ಣಿನಿಂದ ಅರ್ಧ ತುಂಬಿಸಿಕೊಳ್ಳಬೇಕಾದವರಲ್ಲ. ನನ್ನ ಗಂಡ ನನಗೆ ಪೂರ್ತಿ ಸಂಗಾತಿ. ಹಾಗೆಂದು, ಪರಸ್ಪರ ಒಪ್ಪಿ ಒಂದಕ್ಕಿಂತ ಹೆಚ್ಚು ಸಂಬಂಧಗಳಲ್ಲಿ ಬದುಕುವ ಬೈಸೆಕ್ಷುವಲ್ ಗೆಳೆಯರನ್ನು ನಾನು ಕೀಳಾಗಿ ಕಾಣುವುದಿಲ್ಲ. ಅಂಥವರು ಸ್ಟ್ರೇಟ್ ಜನರಲ್ಲೂ ಇದ್ದಾರೆ. "ನಾನು ಅವರಂತಲ್ಲ, ಮರ್ಯಾದಸ್ಥಳು" ಎಂದು ಹೇಳಿಕೊಂಡು ನನ್ನ ಹೆಸರನ್ನು ಉಳಿಸಿಕೊಳ್ಳುವುದು ನನಗೆ ಬೇಡ.

ಎಚ್‌ಐವಿ ವಿಷಯದಲ್ಲಿ, ಸೋಂಕು ಹರಡುವುದು ಅಸುರಕ್ಷಿತ ಸಂಪರ್ಕದಂಥ ಕಾರಣಗಳಿಂದ, ಯಾರ ಗುರುತಿನಿಂದಲೂ ಅಲ್ಲ. ಮದುವೆಗೆ ಮೊದಲು ಪರೀಕ್ಷೆ ಮಾಡಿಸುವುದಾದರೆ ಇಬ್ಬರೂ ಜೊತೆಯಾಗಿ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಆಪ್ತಸಲಹೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಉಚಿತವಾಗಿ, ಗೋಪ್ಯವಾಗಿ ಮಾಡುತ್ತಾರೆ. ಅವರೊಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸಬೇಡಿ.

ಕಲಬುರಗಿಯ ಓದುಗಿ:

ನಾನು ಯಾರಿಗೂ ಹೇಳಿಲ್ಲ, ಸದ್ಯಕ್ಕೆ ಹೇಳುವುದೂ ಇಲ್ಲ. ಶಾಲಾ ಶಿಕ್ಷಕಿ, ಬಾಡಿಗೆ ಮನೆ, ಮೇಲಿನ ಮಹಡಿಯಲ್ಲಿ ಮಾಲೀಕರು. ಇಂಥ ಚರ್ಚೆಗಳನ್ನು ಓದುವಾಗ, ಬಹಿರಂಗವಾಗಿ ಹೇಳಿಕೊಳ್ಳದವರು ತಮ್ಮನ್ನು ಒಪ್ಪಿಕೊಂಡಿಲ್ಲ ಎಂಬ ಧ್ವನಿ ಕೇಳಿಸಿದರೆ ಬೇಸರವಾಗುತ್ತದೆ. ಅಮೆರಿಕದಂಥ ದೇಶದಲ್ಲೇ, ಜನಾಭಿಪ್ರಾಯ ಸಂಗ್ರಹಿಸುವ ಪ್ಯೂ ಸಂಸ್ಥೆಯ 2013ರ ಸಮೀಕ್ಷೆಯ ಪ್ರಕಾರ, ತಮ್ಮ ಬದುಕಿನ ಮುಖ್ಯ ವ್ಯಕ್ತಿಗಳೆಲ್ಲರಿಗೆ ಅಥವಾ ಹೆಚ್ಚಿನವರಿಗೆ ವಿಷಯ ತಿಳಿದಿದೆ ಎಂದವರು ಗೇ ಗಂಡಸರಲ್ಲಿ ಶೇ 77, ಬೈಸೆಕ್ಷುವಲ್ ಜನರಲ್ಲಿ ಶೇ 28 ಮಾತ್ರ. ಅಂದರೆ ಹೇಳದೆ ಉಳಿದವರಲ್ಲಿ ನಾನು ಒಂಟಿಯಲ್ಲ.

1999ರಿಂದ ಸೆಪ್ಟೆಂಬರ್ 23ನ್ನು ಬೈಸೆಕ್ಷುವಲ್ ಜನರ ದಿನವಾಗಿ ಆಚರಿಸುತ್ತಾ ಬಂದಿದ್ದಾರೆ. ನಮ್ಮ ಬಾವುಟದ ಬಣ್ಣಗಳು ಗುಲಾಬಿ, ನೇರಳೆ, ನೀಲಿ. ಆ ದಿನ ನಾನು ಮೂರೂ ಬಣ್ಣದ ಗಾಜಿನ ಬಳೆ ತೊಟ್ಟು ಶಾಲೆಗೆ ಹೋದೆ. ಏಳನೇ ತರಗತಿಯ ಹುಡುಗಿಯೊಬ್ಬಳು "ಟೀಚರ್, ಸೀರೆಗೆ ಮ್ಯಾಚ್ ಆಗೂದಿಲ್ರಿ" ಎಂದಳು. ಅವಳಿಗೆ ಗೊತ್ತಾಗಬೇಕಾಗಿಯೂ ಇರಲಿಲ್ಲ. ನನಗೆ ಗೊತ್ತಿತ್ತು. ಕನ್ನಡಿಯ ಮುಂದೆ ನಾನು ನನ್ನನ್ನು ಏನೆಂದು ಕರೆದುಕೊಳ್ಳುತ್ತೇನೆ ಎಂಬುದು ಇತ್ಯರ್ಥವಾಗಿದೆ, ಅದಕ್ಕೆ ಊರಿನ ಒಪ್ಪಿಗೆ ಬೇಕಿಲ್ಲ.

ಕರಾವಳಿಗ:

ಟೀಚರ್, ನಿಮ್ಮ ಮಾತು ನೂರಕ್ಕೆ ನೂರು ನಿಜ. ಯಾರೂ ನಿಮ್ಮನ್ನು ಅವಸರಿಸಬಾರದು.

ತುಂಗಭದ್ರೆಯವರೇ, ನೀವು ಬ್ಯಾಂಕಿನಲ್ಲಿರುವುದರಿಂದ ಒಂದು ಪ್ರಶ್ನೆ. ನಾನೂ ನನ್ನ ಸಂಗಾತಿಯೂ ಜಂಟಿ ಖಾತೆ ತೆರೆಯಲು ಹೋದಾಗ, ರಕ್ತಸಂಬಂಧಿಗಳಲ್ಲದಿದ್ದರೆ ಆಗುವುದಿಲ್ಲ ಎಂದು ಒಂದು ಶಾಖೆಯಲ್ಲಿ ಹೇಳಿ ಕಳಿಸಿದರು. ಹಾಗೊಂದು ನಿಯಮವಿದೆಯೇ?

ತುಂಗಭದ್ರೆ:

ಇಲ್ಲ. ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟನೆ ಹೊರಡಿಸಿದೆ: ಕ್ವಿಯರ್ ಸಮುದಾಯದವರು (ಗೇ, ಲೆಸ್ಬಿಯನ್, ಬೈಸೆಕ್ಷುವಲ್ ಮೊದಲಾದ ನಮ್ಮಂಥವರು) ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿಯಾಗಿ ಸೂಚಿಸಲು ಯಾವ ನಿರ್ಬಂಧವೂ ಇಲ್ಲ. ಆ ಪ್ರಕಟಣೆಯ ಪ್ರತಿಯನ್ನು ಜೊತೆಗೆ ಒಯ್ಯಿರಿ. ನಾಮನಿರ್ದೇಶನದ ಅರ್ಜಿಯಲ್ಲಿ ಸಂಬಂಧದ ಕಾಲಂ "ಇದ್ದಲ್ಲಿ" ಎಂಬ ಮಾತಿನೊಂದಿಗೇ ಇದೆ. ಅದನ್ನು ತುಂಬಲು ಆಗದಿದ್ದರೂ ನಾಮನಿರ್ದೇಶನ ಸಲ್ಲುತ್ತದೆ. ಮತ್ತೂ ನಿರಾಕರಿಸಿದರೆ ಲಿಖಿತ ಕಾರಣ ಕೇಳಿ, ಶಾಖಾ ವ್ಯವಸ್ಥಾಪಕರಿಗೆ ದೂರು ಕೊಡಿ.

ಹಾಸನದ ತಾಯಿ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನಿನ್ನೆ ಮಗನಿಗೆ ಫೋನ್ ಮಾಡಿ, ಯಾರನ್ನಾದರೂ ಇಷ್ಟಪಟ್ಟಿದ್ದೀಯಾ ಎಂದು ಮೊದಲ ಸಲ ಕೇಳಿದೆ. "ಇಲ್ಲಮ್ಮ, ಆದಾಗ ನಿನಗೇ ಮೊದಲು ಹೇಳುತ್ತೇನೆ" ಎಂದ. ಈಗಿನ ತೊಂದರೆಯೆಂದರೆ, ನನ್ನ ನಾದಿನಿ ಒಂದು ಸಂಬಂಧ ತಂದಿದ್ದಾರೆ, ಭಾನುವಾರ ಜಾತಕ ಕೊಡಲು ಬರುತ್ತಾರಂತೆ. ಅವನ ಗುಟ್ಟು ಬಿಡದೆ ಇದನ್ನು ಹೇಗೆ ನಿಲ್ಲಿಸಲಿ?

ತುಂಗಭದ್ರೆ:

ಅಮ್ಮ, ಭಾನುವಾರದವರೆಗೆ ಕಾಯಬೇಡಿ. ಜಾತಕ ಮನೆಗೆ ಬಂದ ಮೇಲೆ ಬೇಡವೆನ್ನುವುದು ಕಷ್ಟ, ಆ ಹುಡುಗಿಯ ಮನೆಯವರಿಗೂ ನೋವು. ಇವತ್ತೇ ನಾದಿನಿಯವರಿಗೆ ಫೋನ್ ಮಾಡಿ, "ಅವನು ಸದ್ಯಕ್ಕೆ ಮದುವೆಯ ಮಾತು ಬೇಡ ಎಂದಿದ್ದಾನೆ, ಅವನಾಗಿ ಹೇಳುವವರೆಗೆ ನಾವು ಯಾವ ಜಾತಕವನ್ನೂ ನೋಡುವುದಿಲ್ಲ" ಎಂದು ಹೇಳಿ. ಇದರಲ್ಲಿ ಸುಳ್ಳಿಲ್ಲ, ಅವರ ಗುಟ್ಟೂ ಹೊರಬೀಳುವುದಿಲ್ಲ. ಏಕೆ ಎಂದು ಕೇಳಿದರೆ ಕಾರಣ ಕಟ್ಟಿ ಹೇಳಬೇಡಿ, ಅದನ್ನು ಹೇಳುವುದು ಅವರಿಗೆ ಬಿಟ್ಟದ್ದು. ಫೋನ್ ಮಾಡುವ ಮೊದಲು ಮಗನಿಗೆ ಒಂದು ಮಾತು ತಿಳಿಸಿ, ಅತ್ತೆ ನೇರವಾಗಿ ಕರೆ ಮಾಡಿದರೆ ಅವರೂ ಇದೇ ಉತ್ತರ ಕೊಡಲಿ.